ಇನ್ನೊಬ್ಬ ಮಗ

"ಅಮ್ಮಾ, ನಿಮಗೆ ಇನ್ನೊಬ್ಬ ಮಗನಿದ್ದಿದ್ದರೆ ಅವನನ್ನೂ ಈ ದೇಶಕ್ಕೆ ಕೊಡುತ್ತಿದ್ದಿರಿ, ಅಲ್ಲವೇ?" ನಿರೂಪಕರು ಮೈಕನ್ನು ಆಕೆಯ ಬಾಯಿಯ ಹತ್ತಿರ ಹಿಡಿದರು. ಹಣ್ಣಿನ ಬುಟ್ಟಿ ತಬ್ಬಿಕೊಂಡಿದ್ದ ಆಕೆಯ ಎರಡು ಕೈಗಳಲ್ಲಿ ಒಂದೂ ಬಿಡುವಿರಲಿಲ್ಲ.

"ಇದ್ದಾನಲ್ಲ ಸ್ವಾಮಿ, ಅಗೋ ಅಲ್ಲಿ ಕುಳಿತಿದ್ದಾನೆ. ಅವನನ್ನು ಕೊಡುವುದಿಲ್ಲ."

ಜನ ಚಪ್ಪಾಳೆ ತಟ್ಟಿದರು. ಆ ಜಾಗದಲ್ಲಿ ಚಪ್ಪಾಳೆ ತಟ್ಟಬೇಕೆಂಬುದು ಎಲ್ಲರಿಗೂ ಗೊತ್ತಿತ್ತು, ಉತ್ತರ ಏನೆಂದು ಕೇಳಿಸಿಕೊಳ್ಳುವ ಗೊಡವೆ ಯಾರಿಗೂ ಇರಲಿಲ್ಲ. ನಿರೂಪಕರಿಗೆ ಮಾತ್ರ ಕೇಳಿಸಿತ್ತು. ಅವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಮರುಗಳಿಗೆಯಲ್ಲೇ "ಭಾರತ್ ಮಾತಾ ಕೀ" ಎಂದು ಕೂಗಿ ಆಕೆಯನ್ನು ಕುರ್ಚಿಯತ್ತ ಸಾಗಿಸಿದರು.

ಈ ವಾರ ನಮ್ಮ ತಾಲೂಕು ಕೇಂದ್ರದಲ್ಲಿ ನಡೆದ ಕಾರ್ಗಿಲ್ ವಿಜಯ ದಿವಸದ ಸಮಾರಂಭವಿದು. ನಿರೂಪಕರು ಕೆಟ್ಟವರೇನಲ್ಲ. ರಾಜ್ಯೋತ್ಸವ, ನಿವೃತ್ತಿ ಬೀಳ್ಕೊಡುಗೆ, ಮದುವೆಯ ಆರತಕ್ಷತೆ ಎಲ್ಲಕ್ಕೂ ಅವರದೇ ಕಂಠ. ಎಲ್ಲಿ ಯಾವ ಉತ್ತರ ಬರಬೇಕೆಂದು ಅವರ ಚೀಟಿಯಲ್ಲಿ ಮೊದಲೇ ಬರೆದಿರುತ್ತದೆ. ತಾಯಿಯ ಬಳಿ ಚೀಟಿ ಇರಲಿಲ್ಲ, ಅಷ್ಟೇ.

ಶಾಲು, ಹಾರ, ಹಣೆಗೆ ಜಾರುತ್ತಿದ್ದ ಮೈಸೂರು ಪೇಟ, ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ ಟ್ಯಾಂಕಿನ ಸ್ಮರಣಿಕೆ. ಛಾಯಾಗ್ರಾಹಕ ಅಭ್ಯಾಸಬಲದಿಂದ "ಅಮ್ಮಾ, ಸ್ವಲ್ಪ ನಗಿ" ಎಂದ. ತಕ್ಷಣ ಎಚ್ಚರಗೊಂಡು "ಬೇಡ ಬೇಡ, ಹಾಗೆಯೇ ಇರಿ" ಎಂದ. ಇಡೀ ಸಭೆಯಲ್ಲಿ ಆಕೆಯ ಮುಖವನ್ನು ನಿಜವಾಗಿ ನೋಡಿದವನು ಅವನೊಬ್ಬನೇ ಇರಬೇಕು. ಎರಡು ನಿಮಿಷದ ಮೌನ ಎಂದು ಘೋಷಿಸಿದರು. ಮುಖ್ಯ ಅತಿಥಿಗಳಿಗೆ ಬೇರೊಂದು ಉದ್ಘಾಟನೆಗೆ ಹೊತ್ತಾಗುತ್ತಿತ್ತಾದ್ದರಿಂದ ಅರ್ಧ ನಿಮಿಷಕ್ಕೇ "ಓಂ ಶಾಂತಿ" ಬಂತು. ಆಮೇಲೆ ಅವರು ಮುಕ್ಕಾಲು ಗಂಟೆ ಮಾತನಾಡಿದರು.

ಆಕೆಯ ಹಿರಿಯ ಮಗ ಯುದ್ಧದಲ್ಲಿ ಸತ್ತವನಲ್ಲ. ಗಡಿಯ ಠಾಣೆಯಲ್ಲಿ ಹಿಮ ಕುಸಿದು ಸತ್ತವನು. ಭಾಷಣದಲ್ಲಿ ಅವನು "ಶತ್ರುವಿನ ಎದೆ ನಡುಗಿಸಿದ"ವನಾದ. ಪಕ್ಕದಲ್ಲಿದ್ದ ನಿವೃತ್ತ ಹವಾಲ್ದಾರರು ನನ್ನ ಕಡೆ ಬಾಗಿ, "ಅಲ್ಲಿ ಎದೆ ನಡುಗುವುದು ಚಳಿಗೆ, ಅದೂ ನಮ್ಮದೇ" ಎಂದರು.

ನಮ್ಮ ರಾಜ್ಯಕ್ಕೆ ಈ ಕಥೆ ಹೊಸದಲ್ಲ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿದ್ದರೂ ಜೀವಂತವಾಗಿ ಸಿಕ್ಕರು. ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಳ್ಳುವವರೆಗೂ ನಾಡಿಗೆ ನಾಡೇ ಹರಕೆ ಹೊತ್ತಿತ್ತು. ಆ ಹಿಮನದಿಯ ಮೇಲೆ ಸೈನ್ಯ ಕೂರತೊಡಗಿದ್ದು 1984ರಲ್ಲಿ. ಅಲ್ಲಿಂದ ಸೈನ್ಯ ಹಿಂದೆ ಸರಿಸುವ ಮಾತು 1989ರಲ್ಲೇ ಎರಡೂ ದೇಶಗಳ ಮೇಜಿನ ಮೇಲೆ ಬಂದಿತ್ತು. 2003ರ ಕದನವಿರಾಮದ ಮೇಲೂ ಹಿಮ, ಗಾಳಿ, ಎತ್ತರ ಕೊಲ್ಲುತ್ತಲೇ ಇವೆ. 1989ರ ಮಾತು ಏಕೆ ಮುರಿದುಬಿತ್ತು ಎಂದು ಯಾವ ಶ್ರದ್ಧಾಂಜಲಿ ಸಭೆಯಲ್ಲೂ ನಾನು ಕೇಳಿಲ್ಲ. ಕೇಳಿದರೆ ಸತ್ತವರಿಗೆ ಅವಮಾನವಂತೆ. ಅವಮಾನ ನಿಜವಾಗಿ ಯಾರಿಗೆ ಎಂಬುದು ವೇದಿಕೆಯ ಮೇಲಿನ ಕುರ್ಚಿಗಳಿಗೆ ಚೆನ್ನಾಗಿ ಗೊತ್ತು.

ಕಾರ್ಗಿಲ್‌ನಲ್ಲಿ ಮಡಿದ ನಮ್ಮ ಸೈನಿಕರು 527. ಯುದ್ಧ ಮುಗಿಯುತ್ತಿದ್ದಂತೆ ಸರ್ಕಾರವೇ ನೇಮಿಸಿದ ಪರಾಮರ್ಶೆ ಸಮಿತಿ, ಪಾಕಿಸ್ತಾನದವರು ಒಳನುಗ್ಗಿ ಶಿಖರಗಳ ಮೇಲೆ ಕುಳಿತದ್ದು ನಮಗೆ ಸಂಪೂರ್ಣ ಅನಿರೀಕ್ಷಿತವಾಗಿತ್ತೆಂದು ಬರೆಯಿತು. ಹುಡುಗರು ಗುಂಡಿಗೆ ಎದೆಯೊಡ್ಡಿ ಬೆಟ್ಟ ಹತ್ತಬೇಕಾಗಿ ಬಂದದ್ದರ ಹಿಂದೆ ಕಚೇರಿಗಳ ಮೈಮರೆವು ಎಷ್ಟಿತ್ತು ಎಂಬುದು ಅದರಲ್ಲಿದೆ. ಪ್ರತಿ ಜುಲೈ 26ಕ್ಕೆ ಆ ವರದಿಯ ಒಂದು ಪುಟ ಓದಿದರೆ ಸಾಕು. ಆದರೆ ನಮಗೆ ನೃತ್ಯರೂಪಕ ಬೇಕು. ಮರದ ಬಂದೂಕು ಹಿಡಿದ ನಾಲ್ಕನೇ ತರಗತಿಯ ಮಕ್ಕಳು ವೇದಿಕೆಯ ಮೇಲೆ ಬಿದ್ದು ಸಾಯಬೇಕು.

ಶ್ರೀಲಂಕಾಕ್ಕೆ ಶಾಂತಿಪಾಲನೆಗೆಂದು 1987ರಲ್ಲಿ ಹೋದ ನಮ್ಮ ಪಡೆ 1990ರಲ್ಲಿ ಮರಳುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಅವರಿಗಾಗಿ ನಮ್ಮ ಊರಿನಲ್ಲಿ ಶಾಮಿಯಾನ ಎದ್ದದ್ದನ್ನು ನಾನು ಕಂಡಿಲ್ಲ. ಗೆಲುವಿಲ್ಲದ ಯುದ್ಧದಲ್ಲಿ ಸತ್ತವನಿಗೆ ಪೇಟದ ಖರ್ಚೂ ದಂಡವೆನ್ನಿಸುತ್ತದೆಯೋ ಏನೋ.

ಈ ನಾಡಿನ ಕೆರೆ ಏರಿ, ಹಳೆಯ ಗುಡಿಗಳ ಹಿಂಬದಿಯಲ್ಲೆಲ್ಲ ವೀರಗಲ್ಲುಗಳಿವೆ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಎದುರು ಕೈಮುಗಿದು ಕುಳಿತ ವೀರ. ಕೆಲವುಗಳ ಮೇಲೆ 'ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ' ಎಂಬ ಶ್ಲೋಕ: ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಮತ್ತೇಕೆ ಚಿಂತೆ? ರಣದಲ್ಲಿ ಸಾಯದವರೇ ಇಂಥದ್ದನ್ನು ಬರೆಸುತ್ತಾರೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಆದರೂ ಆ ಕಲ್ಲುಗಳಿಗೆ ಒಂದು ಪ್ರಾಮಾಣಿಕತೆಯಿದೆ. ದನ ಕದಿಯಲು ಬಂದವರನ್ನು ತಡೆದು ಸತ್ತ, ಒಡೆಯನ ಗಡಿ ಜಗಳದಲ್ಲಿ ಸತ್ತ ಎಂದು ಕಾರಣವನ್ನು ಎಷ್ಟೋ ಕಲ್ಲುಗಳು ನೇರವಾಗಿ ಹೇಳಿಬಿಡುತ್ತವೆ. ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟದ್ದನ್ನೂ ಕೆತ್ತುತ್ತವೆ. ನಮ್ಮ ಫ್ಲೆಕ್ಸಿನಲ್ಲಿ ಸತ್ತವನ ಭಾವಚಿತ್ರಕ್ಕಿಂತ ಶಾಸಕರ ಭಾವಚಿತ್ರ ದೊಡ್ಡದಿತ್ತು. ಕಾರಣದ ಜಾಗದಲ್ಲಿ 'ದೇಶಕ್ಕಾಗಿ' ಎಂದಷ್ಟೇ ಇತ್ತು.

ಊಟದ ಹೊತ್ತಿಗೆ ಆ ಕಿರಿಯ ಮಗ ಸಿಕ್ಕ. ಬಡಕಲು ಹುಡುಗ, ಕಾಲಲ್ಲಿ ಓಟದ ಬೂಟು. ಅಮ್ಮ ಹೇಳಿದ್ದನ್ನು ಎತ್ತಿದೆ. "ಮನೆಯಲ್ಲೂ ಅದನ್ನೇ ಹೇಳುತ್ತಾರೆ ಸರ್" ಎಂದ. ಅಗ್ನಿವೀರ ಭರ್ತಿಗೆ ತಯಾರಿ ನಡೆಸಿದ್ದಾನೆ. ಬೆಳಿಗ್ಗೆ 1,600 ಮೀಟರ್ ಓಟ, ಮಧ್ಯಾಹ್ನ ಬಾಡಿಗೆ ಟ್ರ್ಯಾಕ್ಟರ್. ನಾಲ್ಕು ವರ್ಷದ ಕೆಲಸ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಗಷ್ಟೇ ಮುಂದುವರಿಕೆ ಎಂಬುದು ಗೊತ್ತಿದೆಯೇ ಎಂದೆ. "ನಾಲ್ಕು ವರ್ಷವಾದರೂ ಸಂಬಳ ಬರುತ್ತದಲ್ಲ ಸರ್." ಅವನ ಅಣ್ಣ ಹೋದದ್ದೂ ತಂಗಿಯ ಮದುವೆಯ ಸಾಲ ತೀರಿಸಲಿಕ್ಕೆ. ಆ ಮನೆಯಲ್ಲಿ ಯಾರೂ ಯಾರನ್ನೂ ಯಾರಿಗೂ ಕೊಟ್ಟಿಲ್ಲ. ಕೆಲಸ ಹುಡುಕಿಕೊಂಡು ಹೋದವನು ಪೆಟ್ಟಿಗೆಯಲ್ಲಿ ಬಂದ. ತ್ಯಾಗವೆಂಬ ಹೆಸರು ಆಮೇಲೆ, ನಾವು ಇಟ್ಟದ್ದು. ಇಟ್ಟುಬಿಟ್ಟರೆ ನಮ್ಮ ಹೊಣೆ ಶಾಲಿಗೆ ಮುಗಿಯುತ್ತದೆ.

ಸಮಿತಿಯಲ್ಲಿರುವ ಹಳೆಯ ಸ್ನೇಹಿತರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ನಿಮ್ಮಂಥವರ ಮಾತಿನಿಂದಲೇ ಸೈನಿಕರ ಮನೋಬಲ ಕುಗ್ಗುವುದು" ಎಂದರು. ಹಿಮದಲ್ಲಿ ತಿಂಗಳುಗಟ್ಟಲೆ ನಿಲ್ಲುವವನ ಮನೋಬಲ ನನ್ನ ಮಾತಿಗೆ ಕುಗ್ಗುವಷ್ಟು ಬಡವಾಗಿದೆಯೇ ಎಂದು ಕೇಳಿದೆ. ಅವರು ಮಾತು ಬದಲಿಸಿದರು. ಕಾರ್ಯಕ್ರಮ ಒಟ್ಟಿನಲ್ಲಿ ಚೆನ್ನಾಗಿಯೇ ಆಯಿತು, ಮುಂದಿನ ವರ್ಷದಿಂದ ತಾಯಂದಿರಿಗೆ ಸನ್ಮಾನ ಮಾತ್ರ ಇರಲಿ, ಮೈಕ್ ಬೇಡ ಎಂದು ಸಮಿತಿ ತೀರ್ಮಾನಿಸಿದೆಯಂತೆ.