ಪ್ರಸಾದ ತಿಂತೀರಾ ಮೇಡಂ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಓದಿಕೊಳ್ಳಿ ಅಂತ ಕೊಟ್ಟುಬಿಡುತ್ತೇನೆ.

ಪ್ರಶ್ನೆ: "ನೀವು ಕ್ರಿಶ್ಚಿಯನ್ ಅಲ್ವಾ, ಪ್ರಸಾದ ತಿಂತೀರಾ?"

ಉತ್ತರ: ಇಲ್ಲ. ನನ್ನ ತಂಗಿ ತಿನ್ನುತ್ತಾಳೆ. ಅವಳ ನಂಬಿಕೆ ನನ್ನದಕ್ಕಿಂತ ಒಂದು ಗುಂಜಿಯೂ ಕಡಿಮೆ ಇಲ್ಲ. ನಾವಿಬ್ಬರೂ ಓದುವುದು ಬೈಬಲಿನ ಅದೇ ಪತ್ರ, ಆದಿ ಸಭೆಯ ಬೋಧಕ ಪೌಲ ಕೊರಿಂಥ ಊರಿನ ಕ್ರೈಸ್ತ ಸಭೆಗೆ ಬರೆದ ಮೊದಲನೆಯದು, 8ರಿಂದ 10ನೇ ಅಧ್ಯಾಯ. ಆ ಊರಿನಲ್ಲೂ ಇದೇ ಜಗಳ ಇತ್ತು. ಗುಡಿಯಲ್ಲಿ ಅರ್ಪಿಸಿದ ಮಾಂಸ ಅಂಗಡಿಗೆ ಬರುತ್ತಿತ್ತು. ಕೊಳ್ಳಬಹುದಾ, ಬೇಡವಾ? ಅಂಗಡಿಯಲ್ಲಿ ಸಿಕ್ಕಿದ್ದನ್ನು ವಿಚಾರಿಸದೆ ತಿನ್ನಿ, ಊಟಕ್ಕೆ ಕರೆದವರು ಬಡಿಸಿದ್ದನ್ನೂ ಸುಮ್ನೆ ತಿನ್ನಿ ಅನ್ನುತ್ತಾನೆ ಪೌಲ. ಆದರೆ "ಇದು ಅರ್ಪಿಸಿದ್ದು" ಅಂತ ಯಾರಾದರೂ ಹೇಳಿದರೆ ಬಿಡಿ, ಹೇಳಿದವರ ಮನಸ್ಸಾಕ್ಷಿಯ ಸಲುವಾಗಿ. ಅಂದರೆ ನೀವು ಏನೂ ಹೇಳದೆ ತಟ್ಟೆಗೆ ಹಾಕಿದ್ದರೆ ನಾನು ತಿಂದಿರುತ್ತಿದ್ದೆ. ಕೇಳಿ ಕೆಡಿಸಿದವರು ನೀವೇ!

ಕೇಳುವ ರೀತಿಯೂ ಹಾಗೇ ಇರುತ್ತದೆ. ಒಂದು ಆಯುಧಪೂಜೆಯ ದಿನ ಆಫೀಸಿನಲ್ಲಿ ಕಂಪ್ಯೂಟರಿಗೆಲ್ಲ ಅರಿಶಿನ ಕುಂಕುಮ ಆಗಿತ್ತು, ಬಾಗಿಲಲ್ಲಿ ಬೂದುಗುಂಬಳ ಒಡೆದಾಗಿತ್ತು. ಕಡಲೆಪುರಿ, ಬಾಳೆಹಣ್ಣು, ಲಾಡು ಹಂಚುತ್ತಾ ಬಂದ ಸಹೋದ್ಯೋಗಿ ನನ್ನ ಟೇಬಲ್ ಹತ್ತಿರ ಥಟ್ಟನೆ ನಿಂತರು. ಗಂಟಲು ಸಣ್ಣದು ಮಾಡಿದ್ದರೂ ಒಂದು ಮಾತಾಗುತ್ತಿತ್ತು. ಇಲ್ಲ, ಇಡೀ ಸೆಕ್ಷನ್ನಿಗೆ ಕೇಳುವ ಹಾಗೆ, "ಮೇಡಂ, ನಿಮ್ಮಲ್ಲಿ ನಡೆಯುತ್ತಾ?" ಅಂದರು. ಎಲ್ಲರೂ ತಿರುಗಿದರು. ಥ್ಯಾಂಕ್ಸ್ ಹೇಳಿ ಬೇಡ ಅಂದೆ. "ಪಾಪ, ಬಿಡಿ, ಅವರಲ್ಲಿ ಸ್ಟ್ರಿಕ್ಟು" ಅಂತ ಇನ್ನೊಬ್ಬರು ನನ್ನ ಪರವಾಗಿ ಉತ್ತರ ಕೊಟ್ಟರು. ಲಾಡು ಕಳೆದುಕೊಂಡಿದ್ದಕ್ಕಿಂತ ಆ "ಪಾಪ" ಹೆಚ್ಚು ಚುಚ್ಚಿತು.

ನಮ್ಮ ಸಭೆಯವರು ಇವರಿಗಿಂತ ಮೇಲು ಅಂದುಕೊಳ್ಳಬೇಡಿ. ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಒಬ್ಬ ಆಂಟಿ ಹತ್ತಿರ ಬಂದು, "ಆಫೀಸಲ್ಲಿ ಕೊಟ್ಟರೆ ತಿಂತೀಯೇನಮ್ಮ?" ಅನ್ನುತ್ತಾರೆ. ಇಲ್ಲ ಅಂದರೆ "ಸ್ತೋತ್ರ" ಅನ್ನುತ್ತಾರೆ. ಅಲ್ಲಿಗೆ ನಾನು ಪಾಸು. ಎರಡೂ ಕಡೆಯವರಿಗೆ ನನ್ನ ತಟ್ಟೆಯ ಮೇಲೇ ಕಣ್ಣು.

ನಾನು ಕೆಲಸ ಮಾಡುವುದು ಸಂಬಳದ ವಿಭಾಗದಲ್ಲಿ. ಯೇಸುವಿನ ಹಿಂದೆ ಹೋಗುವುದು ನನಗೆ ಕಷ್ಟವಾಗುವುದು ದಸರಾದಲ್ಲಲ್ಲ, ಜನವರಿಯಲ್ಲಿ. ಆಗ ಎಲ್ಲರೂ ತೆರಿಗೆ ವಿನಾಯಿತಿಗೆ ದಾಖಲೆ ತರುತ್ತಾರೆ. ಅದರಲ್ಲಿ ಮನೆ ಬಾಡಿಗೆ ರಸೀದಿಗಳೂ ಇರುತ್ತವೆ. ಅಪ್ಪನ ಮನೆಯಲ್ಲಿದ್ದು ಅಪ್ಪನಿಗೆ ನಿಜವಾಗಿ ಬಾಡಿಗೆ ಕೊಟ್ಟರೆ ತಪ್ಪೇನಿಲ್ಲ. ಆದರೆ ಹನ್ನೆರಡು ತಿಂಗಳ ರಸೀದಿಯೂ ಒಂದೇ ಪೆನ್ನಿನಲ್ಲಿ, ಒಂದೇ ದಿನ ಕೂತು ಬರೆದದ್ದು ಅಂತ ನೋಡಿದರೆ ಗೊತ್ತಾಗುತ್ತದೆ. ವರ್ಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಬಾಡಿಗೆ ಇದ್ದರೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕು. ಹಾಗಾಗಿ ಎಷ್ಟೋ ಮನೆಗಳ ಬಾಡಿಗೆ ತಿಂಗಳಿಗೆ ಸರಿಯಾಗಿ 8,300 ರೂಪಾಯಿಗೆ ನಿಂತುಬಿಡುತ್ತದೆ! (ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ. ಅದನ್ನು ಆರಿಸಿಕೊಂಡವರಿಗೆಲ್ಲ ನನ್ನ ಆಶೀರ್ವಾದ.)

"ಸುಳ್ಳು ಅಂತ ಗೊತ್ತಿರುವ ರಸೀದಿ ಟೇಬಲ್ ಮೇಲೆ ಬಂದರೆ ಏನ್ಮಾಡ್ತೀರಾ?" ಇದನ್ನು ಕೇಳಿ ನೋಡೋಣ. ಆಫೀಸಿನವರೂ ಕೇಳಿಲ್ಲ, ಆಂಟಿಯೂ ಕೇಳಿಲ್ಲ.

ಜಕ್ಕಾಯನ ಕಥೆಯಲ್ಲೂ ಹೀಗೇ ಆಯಿತು. ಅವನು ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಯೇಸುಸ್ವಾಮಿ ಅವನ ಮನೆಗೆ ಹೋದರು. ಎಂಥವನ ಮನೆಗೆ ಹೋದರು ನೋಡಿ ಅಂತ ಹೊರಗೆ ಜನ ಗೊಣಗಿದರು. ಒಳಗೆ ನಡೆದ ಮಾತೇ ಬೇರೆ. ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ ಜಕ್ಕಾಯ. ಲೂಕನ ಸುವಾರ್ತೆ 19ನೇ ಅಧ್ಯಾಯ. ಊಟಕ್ಕೆ ಏನಿತ್ತು ಅಂತ ಲೂಕ ಬರೆದಿಲ್ಲ. ಲೆಕ್ಕ ಮಾತ್ರ ಬರೆದಿದ್ದಾನೆ.

ನಾನು ಮಾಡುವುದು ಇಷ್ಟೇ: ಇದು ಆಗಲ್ಲ ಅಂತ ವಾಪಸ್ ಕೊಡುತ್ತೇನೆ. ಯಾರ ಮೇಲೂ ದೂರು ಬರೆಯುವುದಿಲ್ಲ, ಬೋಧನೆಯನ್ನಂತೂ ಮಾಡುವುದಿಲ್ಲ. ಲಾಡು ಹಂಚಿದವರ ರಸೀದಿಯನ್ನೂ ವಾಪಸ್ ಕೊಟ್ಟಿದ್ದೇನೆ. ಅವರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಸರಿಹೋದರು.

ಸರಿಹೋಗದವನು ನಮ್ಮ ಸಭೆಯ ಹುಡುಗ. ನಮ್ಮಲ್ಲೇ ಕೆಲಸಕ್ಕೆ ಸೇರಿದ್ದಾನೆ. ಅವನೂ ರಸೀದಿ ತಂದು, "ಅಕ್ಕಾ, ನಾವು ನಾವೇ ಅಲ್ವಾ" ಅಂದ. ಅದನ್ನೂ ವಾಪಸ್ ಕೊಟ್ಟೆ. ಅವತ್ತಿನಿಂದ ನನ್ನನ್ನು ಕಂಡರೆ ಆ ಕಡೆ ಬಾಗಿಲಿನಿಂದ ಹೋಗುತ್ತಾನೆ. ಅವರಮ್ಮನೂ ಮಾತು ಬಿಟ್ಟಿದ್ದಾರೆ.

ಮತ್ತಾಯನ ಸುವಾರ್ತೆ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಒಂದು ಮಾತಿದೆ. ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು. ನಾನು ಹಿಂದೆ ಮುಂದೆ ಓದಿ ನೋಡಿದೆ. ತಪ್ಪು ನಿನ್ನದಲ್ಲದಿದ್ದರೆ ಹೋಗಬೇಕಾಗಿಲ್ಲ ಅಂತ ಎಲ್ಲೂ ಬರೆದಿಲ್ಲ. ಮುಂದಿನ ಭಾನುವಾರ ಕರ್ತನ ಭೋಜನ ಇದೆ, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಹಾಗಾಗಿ ಶನಿವಾರ ಸಂಜೆ ಅವರ ಮನೆಗೆ ಹೋಗುತ್ತಿದ್ದೇನೆ. ರಸೀದಿ ಮಾತ್ರ ತೆಗೆದುಕೊಳ್ಳಲು ಆಗಲ್ಲ. ಅದನ್ನು ಅವರಮ್ಮನ ಎದುರು ಹೇಗೆ ಹೇಳುವುದು ಅಂತ ಇನ್ನೂ ಹೊಳೆದಿಲ್ಲ.