ಡಬ್ಬಿಯೊಳಗಿನ ಎರಡು ಗುಳಿಗೆ

6 ಜುಲೈ 2025, ರವಿವಾರ
ನವನಗರ, ಬಾಗಲಕೋಟೆ. ರಾತ್ರಿ 11.20

ಹನ್ನೆರಡಕ್ಕೆ ಅವ್ವನ ಬೆರಳು ಚುಚ್ಚಿ ಮತ್ತೊಮ್ಮೆ ಸಕ್ಕರೆ ನೋಡಬೇಕಾಗಿರುವುದರಿಂದ ಮಲಗುವಂತಿಲ್ಲ.

ಇಂದು ಆಷಾಢ ಏಕಾದಶಿ. ಅವ್ವ ಮುಂಜಾನೆ ಒಂದು ಬಾಳೆಹಣ್ಣು ತಿಂದು, ಗುಳಿಗೆ ನುಂಗಿ, ವಿಠ್ಠಲನ ಗುಡಿಗೆ ಹೋಗಿಬಂದಿದ್ದಳು. ಸಂಜೆ ಐದರ ಸುಮಾರಿಗೆ ಹೂಬತ್ತಿ ಹೊಸೆಯುತ್ತಿದ್ದವಳ ಕೈ ನಡುಗತೊಡಗಿ, ಅರೆಹೊಸೆದ ಅರಳೆ ಬೆರಳಿಗೆ ಅಂಟಿಕೊಂಡೇ ಉಳಿಯಿತು. ಹೊರಗೆ ತಂಗಾಳಿ ಬೀಸುತ್ತಿದ್ದರೂ ಅವಳ ಹಣೆಯೆಲ್ಲ ಬೆವರಿತ್ತು. "ಏನಾತವ್ವಾ?" ಎಂದರೆ ಅಕ್ಕನ ಹೆಸರಿನಿಂದ ನನ್ನನ್ನು ಕರೆದಳು. ಗ್ಲುಕೋಮೀಟರ್ 58 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ತಡ ಮಾಡಬಾರದೆಂದು ಗೊತ್ತಿದ್ದುದರಿಂದ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆ. 15 ನಿಮಿಷದ ನಂತರ ನೋಡಿದಾಗ 81 ಆಗಿತ್ತು. ಮಂಪರು ತಿಳಿಯಾದೊಡನೆ ಅವಳು ಕೇಳಿದ ಮೊದಲ ಮಾತು: "ಸಕ್ರಿ ಉಪಾಸಕ್ಕ ನಡೀತೈತೇನ?"

ಆಮೇಲೆ ಅವಳ ಬಿಸ್ಕಿಟಿನ ತಗಡಿನ ಡಬ್ಬಿ ತೆರೆದೆ. ಕತ್ತರಿಸಿಕೊಟ್ಟ ಒಂದು ಹಳೆಯ ಸ್ಟ್ರಿಪ್, ಅದರಲ್ಲಿ ಕಂಪನಿಯ ಹೆಸರೂ ಇಲ್ಲ, ಅವಧಿ ಮುಗಿಯುವ ತಾರೀಖೂ ಇಲ್ಲ. ಪಕ್ಕದಲ್ಲಿ ಕಳೆದ ವಾರ ನಾನು ತಂದ ಹೊಸದು. ಕನ್ನಡಕ ಹಾಕಿಕೊಂಡು ಓದಿದರೆ ಎರಡರ ಬೆನ್ನಿನ ಮೇಲೂ ಒಂದೇ ಅಕ್ಷರಗಳು, ಸಕ್ಕರೆ ಇಳಿಸುವ ಅವೇ ಎರಡು ಔಷಧ: ಗ್ಲಿಮೆಪಿರೈಡ್ 2 ಮಿ.ಗ್ರಾಂ., ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಔಷಧದಂಗಡಿಯಲ್ಲಿ ಎಂದಿನ ಕಂಪನಿಯದು ಇಲ್ಲವೆಂದು ಬೇರೆಯದನ್ನು ಕೊಟ್ಟಿದ್ದರು, ನಾನೂ ಅದನ್ನು ತಂದು, "ಹೊಸಾ ಗುಳಿಗಿ ಅದಾವ ನೋಡವ್ವ" ಎಂದು ಡಬ್ಬಿಗೆ ಹಾಕಿ ಕೆಲಸಕ್ಕೆ ಹೋಗಿದ್ದೆ. ಗುಳಿಗೆಯನ್ನು ಬಣ್ಣದಿಂದ ಗುರುತಿಸುವ ಅವ್ವನಿಗೆ ಬಿಳಿಯದು ಒಂದು ಔಷಧ, ಗುಲಾಬಿಯದು ಇನ್ನೊಂದು. ನಾಲ್ಕು ದಿನಗಳಿಂದ ಎರಡನ್ನೂ ನುಂಗುತ್ತಿದ್ದಾಳೆ. ಹೊತ್ತುಹೊತ್ತಿಗೆ ರೊಟ್ಟಿ ಹೊಟ್ಟೆಗೆ ಬೀಳುತ್ತಿದ್ದುದರಿಂದ ಅದು ನಮಗೆ ತೋರಲಿಲ್ಲವೇನೋ.

"ಹಳೀವು ಯಾಕ ತಗೊಂಡಿ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ರೊಕ್ಕಾ ಕೊಟ್ಟು ತಂದದ್ದು, ಚೆಲ್ಲಾಕ ಬರ್ತೈತೇನ? ನೀ ಬ್ಯಾಡ ಅಂತ ಹೇಳಲೇ ಇಲ್ಲ."

ಹೇಳಿರಲಿಲ್ಲ, ನಿಜ.

ಫೋನಿನಲ್ಲಿ ಡಾಕ್ಟರು ಬೈಯಲಿಲ್ಲ. ಗ್ಲಿಮೆಪಿರೈಡಿನ ಪ್ರಭಾವ ಬಹಳ ಹೊತ್ತು ಇರುವುದರಿಂದ ಸಕ್ಕರೆ ಒಮ್ಮೆ ಏರಿ ಮತ್ತೆ ಇಳಿಯಬಹುದು, ವಯಸ್ಸಾದವರಲ್ಲಿ ಮೂತ್ರಪಿಂಡದ ಶಕ್ತಿ ಕುಗ್ಗಿದ್ದರೆ ಇನ್ನೂ ಎಚ್ಚರ ಬೇಕು ಎಂದರು. ರಾತ್ರಿಯ ಗುಳಿಗೆ ಬೇಡ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಪರೀಕ್ಷಿಸಬೇಕು, ತಪ್ಪದೆ ಊಟ ಮಾಡಿಸಬೇಕು, ಮತ್ತೆ ಇಳಿದರೆ ಅಥವಾ ಮಂಪರು ಬಂದರೆ ಹಾದಿ ಕಾಯದೆ ಆಸ್ಪತ್ರೆಗೆ ಕರೆತರಬೇಕು. ದ್ವಾದಶಿಯವರೆಗೆ ಅನ್ನ ಮುಟ್ಟೆನೆಂದ ಅವ್ವನೊಡನೆ ಅರ್ಧ ಗಂಟೆ ವಾದಿಸಿ, ಕಡೆಗೆ ಸಾಬೂದಾನಿ ಖಿಚಡಿ ಮತ್ತು ಒಂದು ಲೋಟ ಹಾಲಿಗೆ ರಾಜಿಯಾದೆವು. ಒಂಬತ್ತಕ್ಕೆ 112 ಇತ್ತು.

ನಾಳೆ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬರಲು ಹೇಳಿದ್ದಾರೆ. ಎದುರುಮನೆಯ ಕಾಕು ಮೊಣಕಾಲು ನೋವಿಗೆಂದು ಕೊಟ್ಟವೂ ಡಬ್ಬಿಯ ತಳದಲ್ಲಿ ಸಿಕ್ಕವು. ಬಿ.ಪಿ. ಗುಳಿಗೆಯ ಜೊತೆ ಅಂಥ ನೋವಿನ ಗುಳಿಗೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದೆಂದು ಕಾಕುವಿಗೆ ಹೇಗೆ ಹೇಳಲಿ?

ವಾರದ ಏಳು ದಿನಕ್ಕೆ ಏಳು ಮನೆಗಳಿರುವ ಡಬ್ಬಿ ತಂದು, ಸೋಮ, ಮಂಗಳ ಎಂದು ಕನ್ನಡದಲ್ಲಿ ಚೀಟಿ ಅಂಟಿಸಬೇಕೆಂದಿದ್ದೇನೆ. ಆದರೆ ಅದರಲ್ಲಿ ಏಕಾದಶಿಗೊಂದು ಮನೆಯಿರುವುದಿಲ್ಲ. ಉಪವಾಸದ ದಿನ ಯಾವುದನ್ನು ಬಿಡಬೇಕು, ಯಾವುದನ್ನು ಅರ್ಧ ಮಾಡಬೇಕು ಎಂಬುದನ್ನೂ ಡಾಕ್ಟರರಿಂದಲೇ ಬರೆಸಿಕೊಳ್ಳಬೇಕು, ಅಕ್ಕನಿಗೂ ಒಂದು ಪ್ರತಿ ಕಳಿಸಬೇಕು, ಅದಕ್ಕೆ ಮೊದಲು ಇವತ್ತಿನದನ್ನು ಅವಳಿಗೆ

ಅವ್ವ ಎದ್ದಳು. ಮೀಟರಿನ ಪಟ್ಟಿ ಎಲ್ಲಿಟ್ಟೆ