ಒಣಕಣ್ಣಿಗೆ ಬೆಳಕಿನ ಚಿಕಿತ್ಸೆ: ರೆಪ್ಪೆಯ ಎಣ್ಣೆ ಮತ್ತು ಚರ್ಮದ ಬಣ್ಣ

ಕಣ್ಣು ಒಣಗುತ್ತದೆ, ಉರಿಯುತ್ತದೆ, ಮರಳು ಬಿದ್ದ ಹಾಗಾಗುತ್ತದೆ ಎಂದು ದೂರುವವರಲ್ಲಿ ಬಹಳಷ್ಟು ಮಂದಿಗೆ ಕಣ್ಣೀರಿನ ಕೊರತೆ ಇರುವುದಿಲ್ಲ. ಬಂದ ಕಣ್ಣೀರು ಕಣ್ಣಿನ ಮೇಲೆ ನಿಲ್ಲದೆ ಬೇಗ ಆರಿಹೋಗುತ್ತದೆ. ಕಣ್ಣನ್ನು ಹೊದ್ದಿರುವ ನೀರಿನ ಪದರದ ದಪ್ಪ ಸುಮಾರು 3 ಮೈಕ್ರೋಮೀಟರ್ ಮಾತ್ರ. ಅದರ ಮೇಲೆ ಇನ್ನೂ ತೆಳುವಾದ ಎಣ್ಣೆಯ ಹೊದಿಕೆಯೊಂದು ಹರಡಿಕೊಂಡಿದ್ದು, ನೀರು ಗಾಳಿಗೆ ಆರದಂತೆ ಅದು ತಡೆಯುತ್ತದೆ. ಈ ಹೊದಿಕೆ ಕೆಟ್ಟಾಗ ಕಣ್ಣಿನ ಮೇಲ್ಮೈ ಕೆರಳಿ, ಮತ್ತಷ್ಟು ನೀರು ಸುರಿಯುವುದೂ ಉಂಟು. ಹೀಗಾಗಿ ಸದಾ ಕಣ್ಣೀರು ಸುರಿಸುವವರಿಗೆ ವೈದ್ಯರು ಒಣಕಣ್ಣಿನ ಕಾಯಿಲೆ ಎಂದಾಗ ನಂಬುವುದು ಕಷ್ಟ. ನಾನೂ ಮೊದಲಿಗೆ ನಂಬಿರಲಿಲ್ಲ.

ಆ ಎಣ್ಣೆಯನ್ನು ಸುರಿಸುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಬಾಯಿ ತೆರೆದಿರುವ ಮೈಬೋಮಿಯನ್ ಗ್ರಂಥಿಗಳು. 1666ರಲ್ಲಿ ಇವುಗಳನ್ನು ವಿವರವಾಗಿ ಬಣ್ಣಿಸಿದ ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್‌ನ ಹೆಸರೇ ಇವುಗಳಿಗೆ ಉಳಿದಿದೆ. ಮೇಲಿನ ರೆಪ್ಪೆಯಲ್ಲಿ ಸುಮಾರು 30, ಕೆಳಗಿನದರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಗ್ರಂಥಿಗಳಿರುತ್ತವೆ. ಆರೋಗ್ಯವಂತ ಗ್ರಂಥಿಯ ಎಣ್ಣೆ ರೆಪ್ಪೆಯ ಸಹಜ ಶಾಖದಲ್ಲೇ ಕರಗಿ ದ್ರವವಾಗಿರುತ್ತದೆ ಮತ್ತು ಪ್ರತಿ ಸಲ ರೆಪ್ಪೆ ಬಡಿದಾಗ ಒಂದಿಷ್ಟು ಹೊರಬರುತ್ತದೆ. ಕಾಯಿಲೆ ಹಿಡಿದ ಗ್ರಂಥಿಯಲ್ಲಿ ಅದರ ರಚನೆಯೇ ಬದಲಾಗಿ, ಕರಗಲು ಹೆಚ್ಚಿನ ಶಾಖ ಬೇಕಾಗುತ್ತದೆ. ಒತ್ತಿದರೆ ಟೂತ್‌ಪೇಸ್ಟಿನಂತೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಬಹುಕಾಲ ಮುಚ್ಚಿಕೊಂಡ ಗ್ರಂಥಿ ಕುಗ್ಗುತ್ತಾ ಹೋಗಿ ಕೊನೆಗೆ ಅಳಿದುಹೋಗುತ್ತದೆ, ಮತ್ತು ಹಾಗೆ ಪೂರ್ತಿಯಾಗಿ ಅಳಿದದ್ದನ್ನು ಮರಳಿ ಬೆಳೆಸುವ ಖಚಿತವಾದ ಚಿಕಿತ್ಸೆ ಇನ್ನೂ ಇಲ್ಲ. ನನ್ನ ಕೆಳರೆಪ್ಪೆಯ ಅತಿಗೆಂಪು ಚಿತ್ರವನ್ನು ವೈದ್ಯರು ಪರದೆಯ ಮೇಲೆ ತೋರಿಸಿದಾಗ ಬಿಳಿಯ ಗೆರೆಗಳ ನಡುವೆ ಅಲ್ಲಲ್ಲಿ ಖಾಲಿ ಜಾಗಗಳು ಕಾಣಿಸಿದವು. ಅಷ್ಟು ವರ್ಷ ನಾನು ಹಾಕಿಕೊಂಡ ಹನಿಗಳು ಕೊರತೆಯಿಲ್ಲದ ನೀರನ್ನೇ ತುಂಬುತ್ತಿದ್ದವು ಎಂಬುದು ಆಗ ಅರ್ಥವಾಯಿತು.

ಬೆಳಕಿನ ಚಿಕಿತ್ಸೆಯ ಪ್ರಸ್ತಾಪ ಬಂದದ್ದು ಅದಾದ ಮೇಲೆ. ಇಂಟೆನ್ಸ್ ಪಲ್ಸ್ಡ್ ಲೈಟ್, ಚಿಕ್ಕದಾಗಿ ಐಪಿಎಲ್ ಎಂದು ಕರೆಯುವ ಈ ವಿಧಾನವನ್ನು ಅನೇಕರು ಲೇಸರ್ ಎಂದುಕೊಳ್ಳುತ್ತಾರೆ, ಆದರೆ ಇದು ಲೇಸರ್ ಅಲ್ಲ. ಲೇಸರ್‌ನಲ್ಲಿ ಒಂದೇ ತರಂಗಾಂತರದ ಬೆಳಕಿರುತ್ತದೆ. ಇಲ್ಲಿ ಕ್ಸೆನಾನ್ ದೀಪವೊಂದು ಸುಮಾರು 500ರಿಂದ 1200 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಮಿಂಚಿಸುತ್ತದೆ, ಮತ್ತು ಬೇಡದ ತರಂಗಾಂತರಗಳನ್ನು ಸೋಸುಗಾಜು ತಡೆಹಿಡಿಯುತ್ತದೆ. ಚರ್ಮವೈದ್ಯರು 1990ರ ದಶಕದಿಂದಲೂ ಮುಖದ ಕೆಂಪು ರಕ್ತನಾಳಗಳಿಗೆ, ಕಲೆಗಳಿಗೆ, ಬೇಡದ ಕೂದಲಿಗೆ ಇದನ್ನು ಬಳಸುತ್ತಾ ಬಂದಿದ್ದರು. ರೊಸೇಶಿಯ ಎಂಬ ಕೆಂಪುಮುಖದ ಕಾಯಿಲೆಗೆ ಈ ಬೆಳಕನ್ನು ಪಡೆದವರ ಕಣ್ಣಿನ ಒಣಗುವಿಕೆಯೂ ಕಡಿಮೆಯಾಗುತ್ತಿರುವುದನ್ನು 2000ದ ದಶಕದ ಆರಂಭದಲ್ಲಿ ಅಮೆರಿಕದ ನೇತ್ರತಜ್ಞ ರೊಲಾಂಡೊ ಟೋಯೋಸ್ ಗಮನಿಸಿದರು. ತಮ್ಮ ರೋಗಿಗಳ ಮೂರು ವರ್ಷಗಳ ದಾಖಲೆಗಳನ್ನು ಅವರು ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಮೈಬೋಮಿಯನ್ ಗ್ರಂಥಿಗಳ ದೋಷದಿಂದ ಬರುವ ಒಣಕಣ್ಣಿಗೆಂದೇ ಇಂಥ ಒಂದು ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟದ್ದು 2021ರಲ್ಲಿ.

ಬೆಳಕು ಬೀಳುವುದು ಕೆನ್ನೆಯ ಮೇಲೆ, ಗುಣವಾಗಬೇಕಾದದ್ದು ರೆಪ್ಪೆಯೊಳಗಿನ ಗ್ರಂಥಿ. ಇವೆರಡರ ನಡುವೆ ಏನು ನಡೆಯುತ್ತದೆ ಎಂಬುದಕ್ಕೆ ಹಲವು ವಿವರಣೆಗಳಿವೆ. ರೆಪ್ಪೆಯ ಅಂಚಿನಲ್ಲಿ ಅಸಹಜವಾಗಿ ಹಿಗ್ಗಿರುವ ಸಣ್ಣ ರಕ್ತನಾಳಗಳು ಉರಿಯೂತದ ರಾಸಾಯನಿಕಗಳನ್ನು ಗ್ರಂಥಿಗಳ ಬಳಿಗೆ ತರುತ್ತವೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಬೆಳಕನ್ನು ಹೀರಿ ಬಿಸಿಯಾದಾಗ ಆ ನಾಳಗಳು ಮುಚ್ಚಿಕೊಳ್ಳುತ್ತವೆ ಎಂಬುದು ಮುಖ್ಯವಾದದ್ದು. ರೆಪ್ಪೆಕೂದಲಿನ ಬುಡದಲ್ಲಿ ಬದುಕುವ ಡೆಮೊಡೆಕ್ಸ್ ಎಂಬ ಸೂಕ್ಷ್ಮ ಜೀವಿಗಳು ಕಡಿಮೆಯಾಗುವುದು, ಗಟ್ಟಿಯಾದ ಎಣ್ಣೆಗೆ ಶಾಖ ತಗಲುವುದು, ಜೀವಕೋಶಗಳ ಚಟುವಟಿಕೆ ಚುರುಕಾಗುವುದು ಇವನ್ನೂ ಸೇರಿಸುತ್ತಾರೆ. ನಾಳಗಳ ವಿವರಣೆಯೇ ನನಗೆ ಹೆಚ್ಚು ಮನಸ್ಸಿಗೆ ಹಿಡಿಸುತ್ತದೆ, ಏಕೆಂದರೆ ರೆಪ್ಪೆಯ ಅಂಚು ಕೆಂಪಾಗಿರುವವರಿಗೂ ರೊಸೇಶಿಯ ಇರುವವರಿಗೂ ಈ ಚಿಕಿತ್ಸೆಯನ್ನು ಹೆಚ್ಚಾಗಿ ಸೂಚಿಸುವುದಕ್ಕೆ ಅದು ಸರಿಹೊಂದುತ್ತದೆ.

ಚಿಕಿತ್ಸೆಯ ಕೋಣೆಯಲ್ಲಿ ಕಳೆಯುವ ಸಮಯ ಹೆಚ್ಚೇನಿಲ್ಲ. ಮುಖ ತೊಳೆಸಿ, ಕಣ್ಣುಗಳ ಮೇಲೆ ಬೆಳಕು ನುಗ್ಗದ ರಕ್ಷಾಕವಚವಿಟ್ಟು, ಕೆನ್ನೆಗೆ ತಣ್ಣನೆಯ ಜೆಲ್ ಹಚ್ಚಿ, ಒಂದು ಕಿವಿಯ ಮುಂಭಾಗದಿಂದ ಆರಂಭಿಸಿ ಕೆಳರೆಪ್ಪೆಯ ಕೆಳಗೆ, ಮೂಗನ್ನು ದಾಟಿ ಇನ್ನೊಂದು ಕಿವಿಯ ತನಕ ಒಂದರ ಪಕ್ಕಕ್ಕೊಂದರಂತೆ ಮಿಂಚು ಹಾಯಿಸುತ್ತಾರೆ. ಪ್ರತಿ ಮಿಂಚಿಗೂ ಚುರುಕ್ಕೆನ್ನುತ್ತದೆ, ಮೂಗಿನ ಹತ್ತಿರ ಸ್ವಲ್ಪ ಹೆಚ್ಚು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ನಾಲ್ಕು ಸಲ ಇದನ್ನು ಮಾಡಲಾಗುತ್ತದೆ.

ನಿಜವಾಗಿ ನೋಯುವುದು ಆಮೇಲಿನ ಕೆಲಸ. ಮರಗಟ್ಟಿಸುವ ಹನಿ ಹಾಕಿ, ವೈದ್ಯರು ಇಕ್ಕಳದಂಥ ಸಣ್ಣ ಉಪಕರಣದಿಂದ ರೆಪ್ಪೆಯನ್ನು ಒತ್ತಿ, ಕಟ್ಟಿಕೊಂಡ ಎಣ್ಣೆಯನ್ನು ಗ್ರಂಥಿ ಗ್ರಂಥಿಯಿಂದ ಹಿಂಡಿ ತೆಗೆಯುತ್ತಾರೆ. ಬೆಳಕಿನ ಯಂತ್ರದ ಬಗ್ಗೆ ಪುಟಗಟ್ಟಲೆ ಬರೆಯುವ ಜಾಹೀರಾತುಗಳು ಈ ಹಿಂಡುವಿಕೆಯ ಬಗ್ಗೆ ಒಂದು ಸಾಲನ್ನೂ ಬರೆಯದಿರುವುದು ನನಗೆ ಅಸಮಾಧಾನದ ವಿಷಯ. ಹಲವು ಅಧ್ಯಯನಗಳಲ್ಲಿ ಬೆಳಕು ಮತ್ತು ಹಿಂಡುವಿಕೆ ಜೊತೆಜೊತೆಯಾಗಿ ನಡೆದಿರುವುದರಿಂದ, ಬಂದ ಫಲದಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಹಿಂಡುವ ಕೆಲಸವನ್ನೇ ಬಿಟ್ಟು ಬರೀ ಬೆಳಕನ್ನು ಹಾಯಿಸುವ ಕಡೆಗೆ ಹೋಗುವವರು ಈ ಬಗ್ಗೆ ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪುರಾವೆಯ ಮಾತಿಗೆ ಬಂದರೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 2020ರಲ್ಲಿ ಹೊರಬಂದಾಗ, ಅದರ ಮಾನದಂಡಕ್ಕೆ ಒಗ್ಗಿದ ಪ್ರಯೋಗಗಳು ಮೂರೇ ಇದ್ದವು ಮತ್ತು ಅವುಗಳಲ್ಲಿ ಭಾಗವಹಿಸಿದ್ದವರು 114 ಮಂದಿ ಮಾತ್ರ. ಪುರಾವೆ ಸಾಲದು ಎಂಬುದೇ ಆ ವಿಮರ್ಶೆಯ ತೀರ್ಮಾನವಾಗಿತ್ತು. ಆನಂತರ ಇನ್ನಷ್ಟು ಪ್ರಯೋಗಗಳು ನಡೆದಿವೆ, ಮತ್ತು ಮಿಂಚನ್ನು ನಟಿಸಿ ಮಾಡಿದ ತೋರಿಕೆಯ ಚಿಕಿತ್ಸೆಗಿಂತ ನಿಜವಾದ ಬೆಳಕು ಕಣ್ಣೀರಿನ ಪದರವನ್ನು ಹೆಚ್ಚು ಹೊತ್ತು ಒಡೆಯದಂತೆ ಉಳಿಸುತ್ತದೆ ಎಂದು ಅವುಗಳಲ್ಲಿ ಕೆಲವು ತೋರಿಸಿವೆ. ಆದರೂ ಉಪಕರಣ, ಬೆಳಕಿನ ಪ್ರಮಾಣ, ಜೊತೆಯ ಚಿಕಿತ್ಸೆ ಇವೆಲ್ಲ ಒಂದೊಂದು ಪ್ರಯೋಗದಲ್ಲಿ ಒಂದೊಂದು ರೀತಿ ಇರುವುದರಿಂದ, ಇದನ್ನು ರಾಮಬಾಣವೆಂದು ಸಾರುವವರನ್ನು ನಾನು ನಂಬುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೇಳಬೇಕೆಂದಿರುವುದು ಚರ್ಮದ ಬಣ್ಣದ ಬಗ್ಗೆ. ಈ ಬೆಳಕನ್ನು ಹಿಮೋಗ್ಲೋಬಿನ್ ಮಾತ್ರವಲ್ಲದೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಹೀರಿಕೊಳ್ಳುತ್ತದೆ. ಮೆಲನಿನ್ ಇರುವುದು ಚರ್ಮದ ಮೇಲ್ಪದರದಲ್ಲಿ. ಆದ್ದರಿಂದ ಬಣ್ಣ ಗಾಢವಾದಷ್ಟೂ ಬೆಳಕು ಒಳಗಿನ ನಾಳವನ್ನು ತಲುಪುವ ಮೊದಲೇ ಮೇಲೆಯೇ ಶಾಖವಾಗಿ, ಸುಟ್ಟ ಗಾಯ, ಕಪ್ಪು ಕಲೆ ಅಥವಾ ತಿಂಗಳುಗಟ್ಟಲೆ ಮಾಸದ ಬಿಳಿ ಪಟ್ಟೆ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ವರ್ಗೀಕರಣವನ್ನು ವೈದ್ಯರು ಇದಕ್ಕೆ ಬಳಸುತ್ತಾರೆ. ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಆಧರಿಸಿದ ಆ ಪಟ್ಟಿ ಮೊದಲಿಗೆ ಬಿಳಿಯರ ಚರ್ಮಕ್ಕೆ ಸೀಮಿತವಾಗಿತ್ತು. ಕಂದು ಮತ್ತು ಕಪ್ಪು ಬಣ್ಣಗಳಿಗಾಗಿ ಐದು, ಆರನೆಯ ವರ್ಗಗಳನ್ನು ಸೇರಿಸಿದ್ದು ಆಮೇಲೆ. 2021ರಲ್ಲಿ ಎಫ್‌ಡಿಎ ಕೊಟ್ಟ ಒಪ್ಪಿಗೆ ಒಂದರಿಂದ ನಾಲ್ಕನೆಯ ವರ್ಗಗಳಿಗೆ ಮಾತ್ರ ಅನ್ವಯಿಸುತ್ತದೆ, ಎಂದರೆ ಜಗತ್ತಿನ ಬಹುದೊಡ್ಡ ಜನಸಮುದಾಯ ಅದರ ಹೊರಗೇ ಉಳಿಯಿತು.

ಗೋಧಿ ಬಣ್ಣದವರೂ ಕಂದು ಬಣ್ಣದವರೂ ನಾಲ್ಕು ಮತ್ತು ಐದರ ನಡುವಿನ ಗಡಿಯಲ್ಲಿ ನಿಲ್ಲುವುದು ಸಾಮಾನ್ಯ, ಮತ್ತು ಆ ಗಡಿಯಲ್ಲಿ ತೀರ್ಮಾನ ಪೂರ್ತಿಯಾಗಿ ಚಿಕಿತ್ಸೆ ಮಾಡುವವರ ವಿವೇಚನೆಗೆ ಸೇರುತ್ತದೆ. ಉದ್ದನೆಯ ತರಂಗಾಂತರಗಳನ್ನು ಮೆಲನಿನ್ ಕಡಿಮೆ ಹೀರುವುದರಿಂದ ಸೋಸುಗಾಜನ್ನು ಬದಲಿಸಬಹುದು, ಶಕ್ತಿಯನ್ನು ತಗ್ಗಿಸಬಹುದು, ಮಿಂಚಿನ ತುಣುಕುಗಳ ನಡುವಿನ ಬಿಡುವನ್ನು ಹಿಗ್ಗಿಸಿ ಚರ್ಮಕ್ಕೆ ತಣಿಯಲು ಸಮಯ ಕೊಡಬಹುದು. ನನ್ನ ವೈದ್ಯರು ಕಿವಿಯ ಹತ್ತಿರ ಒಂದು ಮಿಂಚು ಹಾಯಿಸಿ, ಆ ಜಾಗ ಹೇಗಿರುತ್ತದೆಂದು ಕಾದು ನೋಡಿದ ನಂತರವೇ ಮುಂದಿನ ದಿನ ಗೊತ್ತುಮಾಡಿದರು. ಹೀಗೆ ಕಾಯದೆ, ಬಣ್ಣವನ್ನು ಗುರುತಿಸದೆ, ಮೊದಲ ಭೇಟಿಯಲ್ಲೇ ಪೂರ್ತಿ ಚಿಕಿತ್ಸೆ ಮಾಡಲು ಹೊರಡುವವರ ಮುಂದೆ ಕಂದು ಚರ್ಮದವರು ಮುಖ ಒಡ್ಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ವಿಚಿತ್ರವಿದೆ. ರೆಪ್ಪೆಯ ಇದೇ ಉರಿಯೂತಕ್ಕೆ ವೈದ್ಯರು ಬಹುಕಾಲದಿಂದ ಕೊಡುತ್ತಾ ಬಂದಿರುವ ಡಾಕ್ಸಿಸೈಕ್ಲಿನ್ ಮಾತ್ರೆ ಚರ್ಮವನ್ನು ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತದೆ. ಹಾಗಾಗಿ ಅದನ್ನು ನುಂಗುತ್ತಿರುವುದನ್ನು ಮುಚ್ಚಿಡದೆ ತಿಳಿಸಬೇಕು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮೈಬೋಮಿಯನ್ ಗ್ರಂಥಿಗಳನ್ನೇ ಕುಗ್ಗಿಸಬಲ್ಲದು, ಮತ್ತು ಅದರ ಬಗ್ಗೆಯೂ ವೈದ್ಯರು ವಿಚಾರಿಸುತ್ತಾರೆ. ಬೆಳಕಿಗೆ ಚರ್ಮ ಕೆರಳುವ ಲೂಪಸ್ ಕಾಯಿಲೆ ಇರುವವರು, ಆ ಭಾಗದಲ್ಲಿ ಚರ್ಮದ ಕ್ಯಾನ್ಸರ್ ಆಗಿದ್ದವರು, ಬಿಸಿಲಿಗೆ ಆಗಷ್ಟೇ ಮೈ ಕಪ್ಪಾದವರು ಇದರಿಂದ ದೂರವಿರಬೇಕಾಗುತ್ತದೆ. ಗರ್ಭಿಣಿಯರಿಗೂ ಸಾಮಾನ್ಯವಾಗಿ ಮುಂದೂಡುತ್ತಾರೆ. ಕಣ್ಣಿನ ರಕ್ಷಾಕವಚದ ವಿಷಯದಲ್ಲಂತೂ ರಾಜಿಯೇ ಇಲ್ಲ: ಸೌಂದರ್ಯ ಚಿಕಿತ್ಸೆಯ ಹೆಸರಿನಲ್ಲಿ ಸರಿಯಾದ ರಕ್ಷಣೆಯಿಲ್ಲದೆ ರೆಪ್ಪೆಗಳ ಹತ್ತಿರ ಮಿಂಚು ಹಾಯಿಸಿದಾಗ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪೊರೆಗೆ ಶಾಶ್ವತ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಮನೆಯಲ್ಲಿ ಕೂದಲು ತೆಗೆಯಲೆಂದು ಮಾರುವ ಐಪಿಎಲ್ ಉಪಕರಣವನ್ನು ಕಣ್ಣಿನ ಬಳಿಗೆ ಒಯ್ಯುವುದು ಇದೇ ಕಾರಣಕ್ಕೆ ಅಪಾಯ.

ನೀರನ್ನು ಸುರಿಸುವ ಗ್ರಂಥಿಯೇ ಸೋತಿದ್ದರೆ ಈ ಬೆಳಕಿನಿಂದ ದೊಡ್ಡ ಪ್ರಯೋಜನವನ್ನು ನಿರೀಕ್ಷಿಸುವಂತಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಷೋಗ್ರೆನ್ ಕಾಯಿಲೆ ಇರುವವರ ಪಾಡು ಬಹುಮಟ್ಟಿಗೆ ಇದು. ಕೆಳರೆಪ್ಪೆಯಲ್ಲಿ ಕಾಗದದ ಪಟ್ಟಿಯಿಟ್ಟು ಐದು ನಿಮಿಷಗಳಲ್ಲಿ ಅದು ಎಷ್ಟು ಒದ್ದೆಯಾಯಿತೆಂದು ಅಳೆಯುವ ಶರ್ಮರ್ ಪರೀಕ್ಷೆ, ಬಣ್ಣದ ಹನಿ ಹಾಕಿ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ನೋಡುವ ಪರೀಕ್ಷೆ, ಗ್ರಂಥಿಗಳ ಅತಿಗೆಂಪು ಚಿತ್ರ, ಈ ಮೂರೂ ಆದ ಮೇಲೆ ಬೆಳಕಿನ ಮಾತು ಎತ್ತುವ ವೈದ್ಯರೇ ಸರಿಯಾದ ದಾರಿಯಲ್ಲಿರುವವರು.

ಕೆಂಪು ಎಲ್‌ಇಡಿಗಳ ಮುಖವಾಡವನ್ನು ಹಾಕಿ ಸುಮಾರು ಕಾಲು ಗಂಟೆ ಕೂರಿಸುವ ಮತ್ತೊಂದು ವಿಧಾನವೂ ಬಳಕೆಯಲ್ಲಿದೆ. ಸುಮಾರು 633 ನ್ಯಾನೊಮೀಟರ್‌ನ ಆ ಬೆಳಕು ಮಿಂಚಿನಂತೆ ಒಮ್ಮೆಲೇ ಬೀಳದೆ ಮೆಲ್ಲಗೆ ಬೀಳುವುದರಿಂದ ಗಾಢ ಬಣ್ಣದ ಚರ್ಮಕ್ಕೆ ಸುಡುವ ಭಯ ಬಹಳ ಕಡಿಮೆ. ಆದರೆ ಅದರ ಹಿಂದಿರುವ ಸಂಶೋಧನೆ ಐಪಿಎಲ್‌ನದಕ್ಕಿಂತಲೂ ತೆಳುವಾದದ್ದು.

ನನಗೆ ಫಲ ಸಿಕ್ಕಿತೇ ಎಂದರೆ, ಬೆಳಿಗ್ಗೆ ಕಣ್ಣು ತೆರೆಯುವಾಗಿನ ಕೊರೆತ ಬಹುಮಟ್ಟಿಗೆ ಹೋಯಿತು, ಗಾಳಿಯಲ್ಲಿ ನಡೆಯುವಾಗ ನೀರು ಸುರಿಯುವುದು ಕಡಿಮೆಯಾಯಿತು, ಪರದೆಯ ಮುಂದಿನ ಉರಿ ಅರ್ಧದಷ್ಟು ಉಳಿದಿದೆ. ಹನಿಗಳು ಪೂರ್ತಿಯಾಗಿ ಬಿಟ್ಟುಹೋಗಿಲ್ಲ, ರೆಪ್ಪೆಗೆ ಬಿಸಿ ಶಾಖ ಕೊಡುವುದನ್ನೂ ನಿಲ್ಲಿಸಿಲ್ಲ. ಈ ಚಿಕಿತ್ಸೆಯ ಫಲ ತಿಂಗಳುಗಳು ಕಳೆದಂತೆ ಇಳಿಯುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮತ್ತೆ ಬೆಳಕು ಹಾಯಿಸಿಕೊಳ್ಳಬೇಕಾಗಬಹುದು ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಮುಂದಿನ ಸಲಕ್ಕೆ ಮುಂಚೆ ಗ್ರಂಥಿಗಳ ಚಿತ್ರವನ್ನು ಮತ್ತೊಮ್ಮೆ ತೆಗೆಸಿ, ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕೆಂದು ನಾನೂ ಕೇಳಿಕೊಂಡಿದ್ದೇನೆ.